ದೊಡ್ಡವ್ವ ಕಲಿಸಿದ ಸ್ತೋತ್ರ

ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಇಂದು ಜೋಳದ ರೊಟ್ಟಿ ಸುಡುವ ವಾಸನೆ ಬಂದು, ದುಬಲಗುಂಡಿಯ ನಮ್ಮ ಮನೆ ನೆನಪಾಯಿತು. ನನ್ನ ಎಳೆಯ ತಮ್ಮ ತೀರಿಕೊಂಡ ಮೇಲೆ ಅವ್ವ ಊಟ, ಮಾತು ಎರಡನ್ನೂ ಬಿಟ್ಟಿದ್ದಳು. ಅವಳ ಅಕ್ಕ, ನಮ್ಮ ದೊಡ್ಡವ್ವ, ಕೂಲಿ ಮುಗಿಸಿ ದಿನಾ ಸಂಜೆ ಬಂದು ನಮಗೆ ರೊಟ್ಟಿ ಬಡಿದು, ಹಿಟ್ಟಿನ ಕೈಯಲ್ಲೇ ಅವ್ವನ ಬೆನ್ನು ಸವರುತ್ತಿದ್ದಳು.

“ಅಳಬ್ಯಾಡ ಅನ್ನಂಗಿಲ್ಲ ತಂಗಿ. ಯೇಸುಸ್ವಾಮಿನೂ ಅತ್ತಾನ. ಅತ್ತ ಮ್ಯಾಲ ಇವತ್ತಿಂದು ಒಂದರ ಚಲೋದು ನೆನಸಿ ಸ್ತೋತ್ರ ಹೇಳು.”

ಎಷ್ಟೋ ಸಂಜೆ ದೊಡ್ಡವ್ವ ಬೇಸರಿಸದೆ ಇಬ್ಬರ ಪರವಾಗಿಯೂ ತಾನೇ ದೇವರಿಗೆ ಆ ಕೃತಜ್ಞತೆಯ ಮಾತು ಹೇಳುತ್ತಿದ್ದಳು. ಒಂದು ದಿನ ಅವ್ವ ಮೆಲ್ಲಗೆ ಅಂದಳು, “ನಮ್ಮ ಅಕ್ಕ ಬಂದಾಳ ಸ್ವಾಮಿ, ಸ್ತೋತ್ರ.” ಅಂದು ಅರ್ಧ ರೊಟ್ಟಿ ತಿಂದಳು.

ಮುಂದೆ ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಅವ್ವ ಹೋಗಿ ಹಾಗೆಯೇ ಪಕ್ಕದಲ್ಲಿ ಕೂರುತ್ತಿದ್ದಳು. ಗಂಡನನ್ನು ಕಳೆದುಕೊಂಡ ಗೆಳತಿಯ ಬಳಿ ಕೂರಲು ನಾನೀಗ ಬಸವಕಲ್ಯಾಣದ ಬಸ್ಸು ಹತ್ತುತ್ತಿದ್ದೇನೆ.