ನಾಕೇದಾರರ ಪಿಸ್ತೂಲಿಗೆ ಮೀನಿನ ಪೊರೆ

ನಾಕೇದಾರ ವಿಠ್ಠಲರಾಯರು ಸಂಜೆ ಗಸ್ತಿಗೆ ಹೊರಟರೆ ಹಿಂದೆ ಬೆಕ್ಕುಗಳೂ ಹೊರಡುತ್ತಿದ್ದವು. ಕಾರಣ ಅವರ ಸೊಂಟದ ಪಿಸ್ತೂಲು. ನಳಿಗೆಯ ತುದಿಯಲ್ಲಿ ಗುರಿ ನೋಡಲು ಇರುವ ಮೊನೆಗೆ ಅವರು ತಾರ್ಲೆ ಮೀನಿನ ಹೊಳೆಯುವ ಪೊರೆ ಅಂಟಿಸುತ್ತಿದ್ದರು. ಗೋವೆಯಿಂದ ಸೆರೆ ಬಾಟಲಿ ಕದ್ದುಮುಚ್ಚಿ ತರುವವರು ಬೆಕ್ಕು ಕಂಡರೆ ದಾರಿ ಬದಲಿಸುತ್ತಿದ್ದರು.

ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹದ ಗದ್ದಲವೆದ್ದ ಮೇಲೆ ಸರಕಾರ ಗೋವೆಯ ಗಡಿಗೆ ಹತ್ತಿದ ಮಾಜಾಳಿಯ ನಮ್ಮ ಸುಂಕದ ನಾಕೆಗೂ ಒಂದು ಪಿಸ್ತೂಲು ಕೊಟ್ಟಿತ್ತು. ನಾನು ಅಲ್ಲಿ ಕಾರಕೂನ. ಹೊತ್ತು ಮುಳುಗಿದರೆ ರಾಯರಿಗೆ ಕಣ್ಣು ಮಂಜು. ಇದು ಗೊತ್ತಿದ್ದದ್ದು ಅವರ ಹೆಂಡತಿಗೆ ಮತ್ತು ನನಗೆ ಮಾತ್ರ. ಮೇಲಿನವರಿಗೆ ತಿಳಿದರೆ ನೌಕರಿ ಹೋಗುತ್ತಿತ್ತು. ಮನೆ ತುಂಬ ಮಕ್ಕಳು. ಆದ್ದರಿಂದ ಅವರು ಕಣ್ಣನ್ನು ಬಿಟ್ಟು ಪಿಸ್ತೂಲಿಗೇ ಔಷಧ ಮಾಡುತ್ತಿದ್ದರು.

ಮೊದಲು ಮೊನೆಗೆ ಸುಣ್ಣ ಹಚ್ಚಿದರು. ಎಲೆ ಹಾಕುವಾಗ ಸುಣ್ಣ ಸಾಲದೆ ಅದನ್ನೇ ಕೆರೆದುಕೊಂಡರು. ಆಮೇಲೆ ಹಲಸಿನ ಮೇಣದಲ್ಲಿ ಮಿಣುಕುಹುಳ ಕೂಡಿಸಿದರು. "ಅದ್ರ ಮನಸ್ಸು ಬಂದಾಗ ಹೊತ್ತತದೆ ಮಾರಾಯಾ, ಸರಕಾರಿ ಕೆಲಸಕ್ಕೆ ಆಗೂದಿಲ್ಲ" ಎಂದು ಬಿಟ್ಟರು. ಕಾರವಾರ ಪೇಟೆಯಿಂದ ಬ್ಯಾಟರಿ ತಂದು ಎಡಗೈಯಲ್ಲಿ ಹಿಡಿದರು. ಬೆಳಕು ನಳಿಗೆಗೆ ಬಡಿದು ಅವರ ಕಣ್ಣಿಗೇ ಹೊಡೆಯಿತು. "ಇದ್ರಿಂದ ಕಳ್ಳಗೆ ನಾ ಕಾಣತೆ, ನಂಗೆ ಕಳ್ಳ ಕಾಣೂದಿಲ್ಲ. ಉಪಕಾರ ಯಾರಿಗಾಯ್ತು?" ಎಂದರು. ಕೊನೆಗೆ ಗೆದ್ದದ್ದು ಮೀನಿನ ಪೊರೆ. ಅದನ್ನು ಕೊಡುತ್ತಿದ್ದವಳು ನಾಕೆಯ ಮುಂದೆ ದಿನವೂ ಮೀನು ಮಾರಲು ಹೋಗಿಬರುತ್ತಿದ್ದ ದೇವಕಿ. ಅವಳಿಗೆ ಕಿವಿ ಮಂದ. ಪೊರೆ ಯಾಕೆಂದು ರಾಯರು ಹೇಳಿದ್ದೂ ಅವಳಿಗೆ ಕೇಳಿಸಿರಲಿಲ್ಲ.

ಒಂದು ಮುಚ್ಚಂಜೆ ಗಡಿಯ ಕಡೆಯಿಂದ ಯಾರೋ ತಲೆಯ ಮೇಲೆ ಹೊರೆ ಹೊತ್ತು ಬರುತ್ತಿದ್ದರು. ರಾಯರು "ನಿಲ್ಲು" ಎಂದು ಮತ್ತೆ ಮತ್ತೆ ಕೂಗಿದರು. ಆ ಆಕಾರ ನಿಲ್ಲಲಿಲ್ಲ. ಹುಕುಮಿನ ಪ್ರಕಾರ ಇನ್ನು ಗುಂಡು. ಕೂಗು ಕೇಳಿ ನಾನು ಹೊರಗೆ ಬಂದಾಗ ರಾಯರು ಕೈ ಚಾಚಿ ಗುರಿ ಹಿಡಿದಿದ್ದರು. ಬರುತ್ತಿದ್ದವಳು ದೇವಕಿ. ನಾನು ರಾಯರ ಕಡೆ ಓಡಿದೆ. ಅಷ್ಟರಲ್ಲಿ ರಾಯರೇ ಕೈ ಇಳಿಸಿದರು. ದೇವಕಿ ನಕ್ಕು, ನಮ್ಮನ್ನು ದಾಟಿಕೊಂಡು ಮನೆಗೆ ಹೋದಳು.

"ಮೊನೆ ಲಾಯಕ್ಕಾಗಿ ಕಂಡ್ತು" ಎಂದರು ರಾಯರು. "ಅದ್ರಾಚೆ ಇದ್ದವ್ರು ಯಾರು ಹೇಳಿ ಕಾಣ್ಲಿಲ್ಲ. ಯಾರದು?"

ಹೇಳಿದೆ. ಅವರು ಅಲ್ಲೇ ಮರಳಿನ ಮೇಲೆ ಕೂತುಬಿಟ್ಟರು.

"ಯಾರಿಗೂ ಗೊತ್ತಾಗ್ಲಿಲ್ಲ, ಬಿಡಿ ರಾಯರೇ."

"ನಂಗೆ ಗೊತ್ತಾಯ್ತಲ್ಲ."

ಮರುದಿನ ಕಾಳಿ ಹೊಳೆ ದಾಟಿ ಕಾರವಾರಕ್ಕೆ ಹೋಗಿ, ಪಿಸ್ತೂಲನ್ನು ಸಾಹೇಬರ ಮೇಜಿನ ಮೇಲಿಟ್ಟು ಕಣ್ಣಿನ ವಿಷಯ ತಾವೇ ಹೇಳಿದರು. ನೌಕರಿ ಹೋಯಿತು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅಂಕೋಲೆ ಸೇರಿ, ಅಣ್ಣನ ಅಂಗಡಿಯಲ್ಲಿ ಹಗಲು ಹೊತ್ತು ತಕ್ಕಡಿ ಹಿಡಿದರು. ನಾನು ಮತ್ತೆ ಅವರನ್ನು ನೋಡಲಿಲ್ಲ.

ಕೆಲವು ದಿನ ಕಳೆದು ದೇವಕಿ ನಾಕೆಯ ಮುಂದೆ ಬುಟ್ಟಿ ಇಳಿಸಿ ಕೇಳಿದಳು: "ರಾಯರನ್ನ ಎಂತಕ್ಕೆ ತೆಗದ್ರು?"

"ಸಂಜೆ ಮೇಲೆ ಕಣ್ಣು ಕಾಣೂದಿಲ್ಲ ಹೇಳಿ" ಎಂದು ಅವಳ ಕಿವಿಯ ಹತ್ತಿರ ಕೂಗಿದೆ.

"ಸುಳ್ಳು" ಎಂದಳು ದೇವಕಿ. "ಆ ದಿನ ಮುಚ್ಚಂಜೆಲಿ ನಾ ಎಷ್ಟು ದೂರ ಇದ್ದೆ. ಆದ್ರೂ ಗುರ್ತ ಹಿಡದು ನಂಗೆ ಕೈ ಎತ್ತಿದ್ರಲ್ಲ. ನೀವೂ ಅಲ್ಲೇ ಇದ್ರಿ."