ಎಂಜಿನ್ನನ್ನು ಎದುರುಗೊಂಡ ಬೀಗರು

ಹರಿಹರದ ನಮ್ಮ ಬೀಗರು, ಅಂದರೆ ನನ್ನ ಕಿರಿಯ ಮಗಳ ಮಾವನವರು, ಕಂಪ್ಯೂಟರಿನಲ್ಲಿ ರೈಲು ಓಡಿಸಲು ಕಲಿತದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಅವರ ಅಕ್ಕಿ ಗಿರಣಿಯ ಲೆಕ್ಕಕ್ಕೆಂದು ನನ್ನ ಅಳಿಯ ತಂದಿರಿಸಿದ ಯಂತ್ರ ಅದು. ಲೆಕ್ಕ ಮೊದಲಿನಂತೆ ಗುಮಾಸ್ತರ ಕೈಯಲ್ಲೇ ಉಳಿಯಿತು. ಯಂತ್ರದೊಳಗೆ ರೈಲಿನ ಆಟವೊಂದು ಸೇರಿಕೊಂಡಿತು. ಗೂಡ್ಸ್ ಗಾಡಿಗಳ ಗಾರ್ಡ್ ಆಗಿ ನಿವೃತ್ತನಾದ ನಾನು ಭಾನುವಾರಗಳಂದು ದಾವಣಗೆರೆಯಿಂದ ಪ್ಯಾಸೆಂಜರ್ ಹತ್ತಿ ಮಗಳನ್ನು ನೋಡಲು ಹೋದರೆ, ಬೀಗರು ನೇರವಾಗಿ ಆ ಕೋಣೆಗೆ ಕರೆದೊಯ್ಯುತ್ತಿದ್ದರು. ತಿರುಗುವ ಕುರ್ಚಿ ಅವರಿಗೆ, ಪ್ಲಾಸ್ಟಿಕ್ ಸ್ಟೂಲು ನನಗೆ.

"ಬರ್ರಿ ಬೀಗರೆ, ಕೂಡ್ರಿ. ಬಾವುಟ ಬೀಸ್ಕೊಂಡು ಇದ್ರಲ್ಲ, ಇಲ್ಲಿ ನೋಡ್ರಿ ನಿಜವಾದ ರೈಲ್ವೆ!"

ಗಾರ್ಡ್ ಎಂದರೆ ಬಾವುಟ ಬೀಸುವವನು ಎಂಬ ಮಾತನ್ನು ಅವರು ಮೊದಲು ಆಡಿದ್ದು ನಿಶ್ಚಿತಾರ್ಥದ ದಿನ, ಊಟದ ಪಂಕ್ತಿಯಲ್ಲಿ, ನನ್ನ ಎಲೆಗೆ ಪಾಯಸ ಬೀಳುವ ಹೊತ್ತಿಗೆ. ಹೆಣ್ಣು ಕೊಡುವವನಾದ್ದರಿಂದ ಅಂದು ನಕ್ಕಿದ್ದೆ. ಆದರೆ ಆ ಮನೆಯಲ್ಲಿ, ಮಗಳ ಎದುರಿಗೆ, ರೈಲಿನ ವಿಷಯದಲ್ಲಾದರೂ ಒಮ್ಮೆ ನನ್ನ ಮಾತು ನಿಲ್ಲಬೇಕೆಂಬ ಹಟ ಅಂದಿನಿಂದಲೇ ಬೇರುಬಿಟ್ಟಿತ್ತು.

ಆಟದಲ್ಲಿ ನಿಲ್ದಾಣಗಳನ್ನು ನಾವೇ ಕಟ್ಟಿ ಹೆಸರಿಡಬಹುದಾಗಿತ್ತು. ಬೀಗರ ಹರಿಹರಕ್ಕೆ ವಿಶಾಲವಾದ ಯಾರ್ಡು. ರೈಲೇ ಕಾಣದ ಕೊಕ್ಕನೂರಿಗೆ, ಅಲ್ಲಿ ಅವರ ಗದ್ದೆಯಿರುವ ಕಾರಣಕ್ಕೆ, ಎರಡು ಪ್ಲಾಟ್‌ಫಾರಂ. ನಮ್ಮ ದಾವಣಗೆರೆಗೆ ಒಂದು ಕಟ್ಟೆ, ಒಂದು ಬೋರ್ಡು. ನಾನು ಗಮನಿಸಲಿಲ್ಲವೆಂದು ಅವರು ಭಾವಿಸಿದ್ದಿರಬೇಕು.

ತೊಡಕು ಇದ್ದದ್ದು ಬೇರೆಡೆ. ಹರಿಹರದ ಯಾರ್ಡಿನಲ್ಲಿ ವ್ಯಾಗನ್ನುಗಳ ಸಾಲೊಂದು ನಿಂತಿರುತ್ತಿತ್ತು. ಸಾಲಿನ ಬಾಲಕ್ಕೆ, ಯಾರ್ಡಿನೊಳಗೆ ವ್ಯಾಗನ್ನುಗಳನ್ನು ಅತ್ತಿತ್ತ ಸರಿಸುವ ಸಣ್ಣ ಶಂಟಿಂಗ್ ಎಂಜಿನ್. ಅದು ಬೀಗರ ಕೈಯಲ್ಲಿ. ಕಂಪ್ಯೂಟರು ತಾನೇ ನಡೆಸುವ ದೊಡ್ಡ ಎಂಜಿನ್ ಎದುರಿನಿಂದ ಬಂದು, ಸಾಲಿನ ಮೂತಿಗೆ ಕೊಂಡಿ ಬೆಸೆದು, ಎಲ್ಲವನ್ನೂ ಎಳೆದೊಯ್ಯಬೇಕು. ಆದರೆ ಅದು ಹತ್ತಿರ ಬಂದು ಗಕ್ಕನೆ ನಿಂತು, ಸೀಟಿ ಹೊಡೆದು, ಬಂದ ದಾರಿಯಲ್ಲೇ ಹಿಂದೆ ಸರಿಯುತ್ತಿತ್ತು. ಭಾನುವಾರ ಬಂದರೆ ಇದೇ ನಾಟಕ.

"ಈ ಎಂಜಿನ್ನಿಗೆ ಸೊಕ್ಕು ಐತ್ರಿ," ಎಂದು ಬೀಗರು ಗೊಣಗುತ್ತಿದ್ದರು.

ಸೊಕ್ಕು ಎಂಜಿನ್ನಿನದಲ್ಲ ಎಂಬುದು ನನಗೆ ಎರಡನೆಯ ಭೇಟಿಯಲ್ಲೇ ತಿಳಿದಿತ್ತು. ದೊಡ್ಡ ಎಂಜಿನ್ ತೆರೆಯ ಅಂಚಿನಲ್ಲಿ ಕಂಡೊಡನೆ ಬೀಗರ ಬೆರಳು ಗುಂಡಿಯ ಮೇಲೆ ಬೀಳುತ್ತಿತ್ತು. ಶಂಟಿಂಗ್ ಎಂಜಿನ್ ತಳ್ಳಿ ವ್ಯಾಗನ್ನುಗಳೇ ಮುಂದಕ್ಕೆ ಹೊರಡುತ್ತಿದ್ದವು. ತಾನು ಹೋಗುವ ಹಳಿಯ ಮೇಲೆ ಇನ್ನೊಂದು ಗಾಡಿ ಎದುರು ಬಂದರೆ ಬುದ್ಧಿಯಿರುವ ಯಾವ ಚಾಲಕನೂ ಮುಂದುವರಿಯುವುದಿಲ್ಲ. ಕಂಪ್ಯೂಟರಿಗೂ ಆ ಬುದ್ಧಿಯಿತ್ತು.

"ಬೀಗರೆ, ಅದನ್ನ ಯಾಕ ತಳ್ತೀರಿ?" ಎಂದು ಕೇಳಿದೆ.

"ಬರೋರಿಗೆ ನಾಕು ಹೆಜ್ಜೆ ಎದುರು ಹೋಗಬೇಕಲ್ರಿ! ಅಷ್ಟು ದೊಡ್ಡ ಎಂಜಿನ್ ಬರ್ತೈತೆ, ಕಲ್ಲಿನಂಗೆ ನಿಂತ್ರೆ ಏನು ಚಂದ? ನಿಮ್ಮ ಕಡೆಯೋರು ನಮ್ಮ ದಿಬ್ಬಣಕ್ಕೆ ಛತ್ರದ ಬಾಗಿಲಾಗೆ ನಿಂತ್ಕಂಡು ಬರ್ರಿ ಬರ್ರಿ ಅಂದಂಗಲ್ಲ ಇದು."

ಇದು ಶುದ್ಧ ಸುಳ್ಳು. ದಿಬ್ಬಣವನ್ನು ಎದುರುಗೊಳ್ಳಲು ನಾವು ವಾದ್ಯ, ಆರತಿಗಳೊಡನೆ ರಸ್ತೆಯ ತಿರುವಿನವರೆಗೆ ಹೋಗಿದ್ದೆವು. ಅವರ ಬಸ್ಸು ಹಿಂದಿನ ಓಣಿಯಿಂದ ಬಂದು ಛತ್ರದ ಬಾಗಿಲಿಗೇ ನಿಂತಿತು. ಹೇಳಲು ಬಾಯಿ ತೆರೆದೆ. ಬಾಗಿಲಲ್ಲಿ ಮಿರ್ಚಿ, ಮಂಡಕ್ಕಿಯ ತಟ್ಟೆ ಹಿಡಿದು ನಿಂತಿದ್ದ ಮಗಳು ಕಣ್ಣಲ್ಲೇ ಬೇಡವೆಂದಳು. ಮುಚ್ಚಿದೆ.

ನಿಂತ ಗಾಡಿ ನಿಂತೇ ಇರಬೇಕು, ಬ್ರೇಕ್ ಬಿಗಿದಿರಬೇಕು, ಕೂಡಲು ಬರುವುದು ಎಂಜಿನ್ನಿನ ಕೆಲಸ ಎಂದು ವಿನಯದಿಂದ ಹೇಳಿ ನೋಡಿದೆ. "ಅದು ನಿಮ್ಮ ಗೂಡ್ಸ್ ಗಾಡಿ ರೂಲು. ಇದು ಕಂಪ್ಯೂಟರ್ ಬೀಗರೆ," ಎಂಬ ಉತ್ತರ ಬಂತು.

ಮುಂದೊಂದು ಭಾನುವಾರ ಮಗಳು ಚಹಾ ತಂದಳು. ಬೀಗರು ಎಡಗೈಯಲ್ಲಿ ಸಾಸರು, ಬಲಗೈಯಲ್ಲಿ ಕಪ್ಪು ಹಿಡಿದು ಊದುತ್ತಿರುವಾಗ ಎಂಜಿನ್ ಕಾಣಿಸಿಕೊಂಡಿತು. ಅವರು ಗಡಬಡಿಸಿ ಕಪ್ಪು ಇಡಲು ಜಾಗ ಹುಡುಕಿದರು.

"ಕೈ ಹಚ್ಚಬ್ಯಾಡ್ರಿ!" ಎಂದೆ.

ಗಾರ್ಡ್ ಆಗಿದ್ದಾಗ ಯಾರ್ಡಿನಲ್ಲಿ ಸಾಲಿನ ಆ ತುದಿಗೆ ಕೇಳುವಂತೆ ಕೂಗುತ್ತಿದ್ದ ದನಿ ಅದು. ಬೀಗರು ಕಪ್ಪು ಹಿಡಿದೇ ಉಳಿದರು. ಎಂಜಿನ್ ನಿಧಾನವಾಗಿ ಬಂತು, ವ್ಯಾಗನ್ನನ್ನು ಮುಟ್ಟಿತು, ಖಣ್ ಎಂದಿತು, ಕೂಡಿತು. ಸ್ವಲ್ಪ ಹೊತ್ತಿಗೆ ಇಡೀ ಸಾಲು ತೆರೆಯಾಚೆ ಸಾಗಿಹೋಯಿತು. ಬೀಗರು ಚಹಾ ಮುಗಿಸಿ ಎದ್ದು ಹೋದರು.

ಮುಂದಿನ ವಾರ ಮಗಳು ಬಾಗಿಲಲ್ಲೇ ತಡೆದಳು. "ಅಪ್ಪಾಜಿ, ಮಾವಾರು ವಾರದಿಂದ ಊಟಕ್ಕೆ ಕರೆದ್ರೂ ಬರೇ ಹೂಂ ಅಂತಾರೆ. ನೀವು ಅವರಿಗೆ ಹಂಗೆ ಜೋರು ಮಾಡಬಹುದೇನು?"

ಒಳಗೆ ಬೀಗರು ಕೊಕ್ಕನೂರಿನಿಂದ ಬಂದಿದ್ದ ನೆಂಟರೊಬ್ಬರಿಗೆ ಆಟ ತೋರಿಸುತ್ತಿದ್ದರು. "ಗಾಡಿ ಅಲ್ಲಾಡಬಾರ್ದು, ಗೊತ್ತಾತೇನ್ರಿ? ಕೂಡಾಕೆ ಬರೋದು ಎಂಜಿನ್ನಿನ ಕೆಲಸ." ಎಂಜಿನ್ ಬಂತು, ಖಣ್ ಎಂದಿತು. ನನ್ನನ್ನು ಕಂಡು ಕುರ್ಚಿ ತಿರುಗಿಸಿದರು. "ಇವರು ನಮ್ಮ ಬೀಗರು. ರೈಲ್ವೆಯಾಗೇ ಇದ್ರು, ಆದ್ರೂ ಇದೆಲ್ಲ ಹೊಸದು. ನಾನೇ ಹೇಳಿಕೊಟ್ಟೆ. ಹೌದಲ್ರಿ?"

ಮಗಳು ನನ್ನ ಹಿಂದೆ ನಿಂತಿದ್ದಳು.

"ಹೌದ್ರಿ," ಎಂದೆ.

"ನೋಡವ್ವ," ಎಂದು ಬೀಗರು ಸೊಸೆಯನ್ನು ಕರೆದರು. ಅವರ ಮುಖ ಅರಳಿತ್ತು. "ನಿಮ್ಮಪ್ಪಗೆ ಚಾ ತಾ. ನನಗೂ ತಾ."

ಅವಳು ಬಹುತೇಕ ಓಡುತ್ತಲೇ ಅಡುಗೆಮನೆಗೆ ಹೋದಳು. ನಾನು ಸ್ಟೂಲಿನ ಮೇಲೆ ಕುಳಿತೆ.