ಛಟೀರಮ್ಮನ ಕೈ

ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಅವಳಿಗೆ ಛಟೀರಮ್ಮ ಅಂತ ಹೆಸರಿಟ್ಟವರು ಬೀದಿಯವರು, ಅದೂ ಪ್ರೀತಿಯಿಂದ. ಅಣುಬಾಂಬು ಇವತ್ತು ಬೀಳುತ್ತೆ, ನಾಳೆ ಬೀಳುತ್ತೆ ಅಂತ ಸರ್ಕಾರ ಜನರ ತಲೆ ತಿನ್ನುತ್ತಿದ್ದ ಕಾಲ ಅದು. ಪ್ರತಿ ಕಟ್ಟಡಕ್ಕೂ ಒಬ್ಬೊಬ್ಬ ಸ್ವಯಂಸೇವಕರನ್ನು ಹಿಡಿದು, ತೋಳಿಗೆ ಕೈಪಟ್ಟಿ ಕಟ್ಟಿ, ಶಾಲೆಯ ಸಭಾಂಗಣದಲ್ಲಿ ತರಬೇತಿ ಕೊಟ್ಟರು; ಅವಳ ಕಟ್ಟಡಕ್ಕೆ ಅವಳೇ. ಕಿಟಕಿಗೆ ಸುಣ್ಣ ಬಳಿಯಿರಿ, ಬೋರಲು ಮಲಗಿ, ಕಣ್ಣು ಮುಚ್ಚಿ. ಊರನ್ನೇ ಬೂದಿ ಮಾಡುವ ಬಾಂಬಿಗೆ ಸುಣ್ಣದ ಮದ್ದು! ಅವಳ ಮನಸ್ಸಿಗೆ ಹಿಡಿಸಿದ್ದು ಕೊನೆಯ ಪಾಠ: ನೆಲಮಾಳಿಗೆಯಲ್ಲಿ ಯಾರಾದರೂ ಹೆದರಿ ಕಿರುಚಿದರೆ ಮಿಕ್ಕವರೂ ಹುಚ್ಚೆದ್ದು ಒಬ್ಬರನ್ನೊಬ್ಬರು ತುಳಿದು ಸಾಯುತ್ತಾರೆ. ಕಿರುಚಿದವರ ಕೆನ್ನೆಗೆ ಕೂಡಲೇ ಒಂದು ಬಾರಿಸಬೇಕು.

ಒದ್ದೆ ಹಾಸುಬಟ್ಟೆ ಹಿಂಡಿ ಹಿಂಡಿ ಒನಕೆಯಾಗಿದ್ದ ಕೈ. ಅಣಕು ಅಭ್ಯಾಸದಲ್ಲಿ ಗೋಳಾಡುವ ಪಾತ್ರ ವಹಿಸಿದ್ದ ದರ್ಜಿಗೆ ಹಲ್ಲೇ ಅಲುಗಾಡಿತು.

"ನಾನು ನಾಟಕ ಆಡ್ತಿದ್ದೆ ಕಣಮ್ಮಾ!"

"ನಾನು ಆಡ್ತಿರ್ಲಿಲ್ಲ" ಅಂದಳು. ಬೀದಿಗೆ ಬೀದಿಯೇ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು, ಆ ಹೆಸರೂ ಅವತ್ತೇ ಅಂಟಿತು.

ಒಂದು ಮಧ್ಯಾಹ್ನ ಅಭ್ಯಾಸವಲ್ಲದ ಸೈರನ್ ಕೂಗಿತು. ಜನ ಬಿದ್ದೆದ್ದು ನೆಲಮಾಳಿಗೆಗೆ ನುಗ್ಗಿದರು. ತಿವಿತ, ಒದೆತ, ಯಾರದೋ ಮೂಗಲ್ಲಿ ರಕ್ತ. ಛಟೀರಮ್ಮ ಒಳಗಿನಿಂದ ಕಬ್ಬಿಣದ ಬಾಗಿಲಿಗೆ ಹೆಗಲು ಕೊಟ್ಟಳು. ಅವಳ ಕಾಲಬುಡದಲ್ಲೇ ನಾಲ್ಕು ವರ್ಷದ ಮೊಮ್ಮಗಳು, ನೂಕಾಟದಲ್ಲಿ ಬೀಳದಿರಲೆಂದು ಬಾಗಿಲ ಕೀಲಿನ ಸಂದಿಗೆ ಬೆರಳು ಸಿಕ್ಕಿಸಿ ನಿಂತಿತ್ತು. ಅದು ಸೊಸೆಯ ಕಣ್ಣಿಗೆ ಬಿತ್ತು, ಅತ್ತೆಯ ಕಣ್ಣಿಗೆ ಬೀಳಲಿಲ್ಲ.

"ಅತ್ತೇ! ಬಾಗ್ಲು ಹಾಕ್ಬೇಡಿ!"

ಛಟೀರ್.

"ಅತ್ತೇ, ಪುಟ್ಟಿ..."

ಇನ್ನೊಂದು ಬಿತ್ತು. ಸೊಸೆಯ ತುಟಿ ಒಡೆಯಿತು, ತಲೆ ಗೋಡೆಗೆ ಬಡಿಯಿತು.

"ನಮ್ಮನೆಯವಳೇ ಹೀಗಾಡಿದ್ರೆ ಬೇರೆಯವರಿಗೆ ಏನಂತ ಹೇಳ್ಲಿ? ಮುಚ್ಚು ಬಾಯಿ!"

ಬಾಗಿಲು ಇನ್ನೂ ಕೂತಿರಲಿಲ್ಲ. ಕೂರದಿದ್ದರೆ ಇಷ್ಟೂ ಜನ ಬೆಂದುಹೋಗುತ್ತಾರೆ ಎಂದೇ ಅವಳು ನಂಬಿದ್ದಳು. ಮೈಭಾರವನ್ನೆಲ್ಲ ಹಾಕಿ ತಳ್ಳಿದಳು. ಏನೋ ಲಟಕ್ಕೆಂದಿತು, ಬಾಗಿಲು ಕೂತಿತು.

ಸೈರನ್ ಸುಳ್ಳು, ಯಂತ್ರ ಕೆಟ್ಟಿತ್ತಂತೆ. ಬಾಂಬು ಬೀಳಲಿಲ್ಲ. ಬಾಗಿಲು ತೆಗೆದಾಗ ನೆಲಕ್ಕೆ ಬಿದ್ದದ್ದು ಮೂರು ಪುಟ್ಟ ಬೆರಳು. ಪ್ರಜ್ಞೆ ತಪ್ಪಿದ ಮಗುವನ್ನು ಎತ್ತಿಕೊಂಡು ದರ್ಜಿ ಆಸ್ಪತ್ರೆಗೆ ಓಡಿದ.

ಮಾರನೆಯ ದಿನ ರಕ್ಷಣಾ ಅಧಿಕಾರಿ ಬಂದು, "ನಿಮ್ಮ ಕಟ್ಟಡದಲ್ಲಿ ಒಬ್ಬರೂ ಗಲಾಟೆ ಮಾಡ್ಲಿಲ್ಲವಂತೆ, ಶಭಾಷ್" ಅಂದ. ಅವನ ಶಭಾಷಿಗೆ ಬೆಂಕಿ ಬೀಳಲಿ! ಛಟೀರಮ್ಮ ಕೈಪಟ್ಟಿ ಬಿಚ್ಚಿ ಅವನ ಮುಖಕ್ಕೆಸೆದು ಆಸ್ಪತ್ರೆಗೆ ನಡೆದಳು.

ನರ್ಸ್ ಗಾಯಕ್ಕೆ ಅಂಟಿದ್ದ ಬಟ್ಟೆಯನ್ನು ಎಳೆಯುತ್ತಿದ್ದಳು. ಮಗು ಅಳಲು ಬಾಯಿ ತೆರೆದಿತ್ತು. ಅಜ್ಜಿಯನ್ನು ಕಂಡದ್ದೇ ತಡ, ತುಟಿ ಕಚ್ಚಿಕೊಂಡಿತು. ಪಕ್ಕದಲ್ಲಿ ಪೆಟ್ಟಿಗೆ ಕೆನ್ನೆ ಊದಿ ಕೂತಿದ್ದ ಅಮ್ಮನಿಗೆ ಅಂಟಿಕೊಂಡಿತು. ಮೈ ಗಡಗಡ ನಡುಗುತ್ತಿತ್ತು, ಸದ್ದು ಮಾತ್ರ ಇಲ್ಲ.

ಛಟೀರಮ್ಮ ಮಗುವಿನ ಕಾಲು ಹಿಡಿದುಕೊಂಡಳು. "ಅಳು ಪುಟ್ಟಿ, ಜೋರಾಗಿ ಅಳು. ನಿನ್ನ ಕಾಲಿಗೆ ಬೀಳ್ತೀನಿ" ಎಂದು ಗೋಗರೆದಳು.

"ನಾನು ಕಿರುಚಲ್ಲ ಅಜ್ಜಿ" ಅಂದಿತು ಮಗು. "ಅಮ್ಮಂಗೆ ಹೊಡೀಬೇಡ."